ಚಿತ್ರದಲ್ಲಿ ಕಾಣಿಸದ ಮಗು

ಅನ್ಯಾಯಕ್ಕೆ ಒಳಗಾದವನು ಕೊನೆಗೆ ಗೆಲ್ಲುವ ಕಥೆ ಯಾರಿಗೆ ತಾನೆ ಬೇಡ, ಪ್ರಿಯ ವಾಚಕರೇ? ರಾತ್ರಿಯ ಊಟ ಮುಗಿಸಿ ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತಿರುವಾಗ ಕತ್ತಿವರಸೆ, ಕುದುರೆ ಸವಾರಿ, ಹೂತಿಟ್ಟ ನಿಧಿ, ಅಗಲಿದ ಪ್ರೇಮಿಗಳು, ಮುಖವಾಡ ತೊಟ್ಟು ಮರಳಿ ಬರುವ ನಾಯಕ ಇವೆಲ್ಲವನ್ನೂ ಒಟ್ಟಿಗೆ ಕೊಡುವ ಚಿತ್ರವೊಂದು ಬಂದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರೂ ಎದ್ದು ಹೋಗುವುದಿಲ್ಲ. ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಅಂತಹ ಒಂದು ಚಿತ್ರ. ಕೆವಿನ್ ರೆನಾಲ್ಡ್ಸ್ ಎಂಬವರ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿ ಇದು ಬಂದದ್ದು 2002ರಲ್ಲಿ. ಅದೇ ಕಥೆಯನ್ನು ಫ್ರೆಂಚರು 2024ರಲ್ಲಿ ಮೂರು ಗಂಟೆಗಳ ಹೊಸ ಚಿತ್ರವಾಗಿ ತೆರೆಗೆ ತಂದಾಗ, ಫ್ರಾನ್ಸ್ ಒಂದರಲ್ಲಿಯೇ ತೊಂಬತ್ತು ಲಕ್ಷಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾದವು. ನೂರೆಂಬತ್ತು ವರ್ಷ ಹಳೆಯ ಕಥೆಯೊಂದು ಇಂದಿಗೂ ಇಷ್ಟು ಜನರನ್ನು ಸೆಳೆಯುವುದಾದರೆ ಅದರಲ್ಲಿ ನಮ್ಮೆಲ್ಲರ ಅಂತರಂಗಕ್ಕೆ ಸಂಬಂಧಿಸಿದ್ದು ಏನೋ ಇರಲೇಬೇಕು.

2002ರ ಚಿತ್ರವನ್ನು ನೋಡಿದವರ ಅಭಿಪ್ರಾಯ ಕೇಳಿದರೆ ಎರಡು ಬಣಗಳು ಎದ್ದು ಕಾಣುತ್ತವೆ. ಮೂಲ ಕಾದಂಬರಿಯನ್ನು ಓದಿದವರು ಮುನಿಸಿಕೊಳ್ಳುತ್ತಾರೆ. ಕಥೆಯನ್ನು ಕೆಡಿಸಿದರು, ಪಾತ್ರಗಳನ್ನು ಕೈಬಿಟ್ಟರು, ಇಲ್ಲದ ಸಂಬಂಧಗಳನ್ನು ಕಟ್ಟಿದರು, ದುಃಖದ ಮುಕ್ತಾಯವನ್ನು ಸಿಹಿಯಾಗಿಸಿದರು ಎಂಬುದು ಅವರ ದೂರು. ಓದದವರು ತೃಪ್ತಿಯಿಂದ ತಲೆದೂಗುತ್ತಾರೆ. ಕೆಟ್ಟವನಿಗೆ ತಕ್ಕ ಶಾಸ್ತಿಯಾಯಿತು, ಒಳ್ಳೆಯವನಿಗೆ ಅವನ ಹೆಂಡತಿಮಗ ಸಿಕ್ಕರು, ಇನ್ನೇನು ಬೇಕು ಎನ್ನುತ್ತಾರೆ. ಇವರಿಬ್ಬರ ವಾದವನ್ನು ಕೇಳುತ್ತಿದ್ದರೆ ಪ್ರಶ್ನೆ ಇರುವುದು ನಿಷ್ಠೆಯ ವಿಷಯದಲ್ಲಿ ಮಾತ್ರ, ಪುಸ್ತಕಕ್ಕೆ ಚಿತ್ರ ಎಷ್ಟು ನಿಷ್ಠವಾಗಿದೆ ಎಂಬುದರಲ್ಲಿ ಮಾತ್ರ ಎಂದು ತೋರುತ್ತದೆ. ನನಗೆ ಹಾಗೆನಿಸುವುದಿಲ್ಲ. ಎರಡೂ ಬಣದವರು ಗಮನಿಸದೆ ಬಿಟ್ಟಿರುವ ಒಂದು ಸಂಗತಿಯಿದೆ. ಅದನ್ನು ಹೇಳಬೇಕಾದರೆ ಮೊದಲು ಕಥೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು.

ಅಲೆಕ್ಸಾಂಡರ್ ಡ್ಯೂಮಾ ಈ ಕಾದಂಬರಿಯನ್ನು ಒಗುಸ್ತ್ ಮಾಕೆ ಎಂಬ ಸಹಾಯಕನೊಡನೆ ರಚಿಸಿ, 1844ರಿಂದ 1846ರವರೆಗೆ ಪ್ಯಾರಿಸ್ಸಿನ ದಿನಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ. ಮಾರ್ಸೇ ಬಂದರಿನ ಹತ್ತೊಂಬತ್ತು ವರ್ಷದ ನಾವಿಕ ಎಡ್ಮಂಡ್ ಡಾಂಟೆಸ್ ಕಥಾನಾಯಕ. ಹಡಗಿನ ಕಪ್ತಾನನಾಗುವ ಭಾಗ್ಯ ಕೈಗೆಟುಕುವಷ್ಟರಲ್ಲಿದೆ, ಮೆಚ್ಚಿದ ಹುಡುಗಿ ಮರ್ಸಿಡೀಸಳೊಡನೆ ನಿಶ್ಚಿತಾರ್ಥದ ಔತಣವೂ ನಡೆದಿದೆ. ಅದೇ ಔತಣದ ನಡುವೆ ಅವನ ಬಂಧನವಾಗುತ್ತದೆ. ಅದು 1815. ನೆಪೋಲಿಯನ್ನನ ಪರವಾಗಿ ಪತ್ರ ಸಾಗಿಸಿದನೆಂಬ ಆರೋಪ. ದೂರಿನ ಪತ್ರ ಬರೆದವನು ಅವನ ಪದವಿಗೆ ಕರುಬಿದ ಸಹೋದ್ಯೋಗಿ ಡಾಂಗ್ಲಾರ್. ಅದನ್ನು ಅಂಚೆಗೆ ಹಾಕಿದವನು ಮರ್ಸಿಡೀಸಳನ್ನು ಬಯಸಿದ್ದ ಫರ್ನಾಂಡ್. ಸತ್ಯ ತಿಳಿದಿದ್ದೂ ಬಾಯಿ ಬಿಡದವನು ನೆರೆಮನೆಯ ಕಾಡರೂಸ್. ಹುಡುಗ ನಿರಪರಾಧಿಯೆಂದು ಗೊತ್ತಿದ್ದೂ, ಆ ಪತ್ರ ತನ್ನ ತಂದೆಗೇ ಬರೆದದ್ದು ಎಂಬ ಭಯದಿಂದ ಅವನನ್ನು ಸೆರೆಮನೆಗೆ ನೂಕಿದವನು ಸರಕಾರಿ ವಕೀಲ ವಿಲ್‌ಫೋರ್. ಹೀಗೆ ಒಬ್ಬನ ಬಾಳನ್ನು ಹಾಳುಮಾಡಲು ನಾಲ್ವರು ಸಾಕಾದರು, ಅವರಲ್ಲಿ ಒಬ್ಬನು ಮಾಡಿದ್ದು ಸುಮ್ಮನಿದ್ದದ್ದು ಮಾತ್ರ!

ಮಾರ್ಸೇಯ ಎದುರಿಗಿರುವ ದ್ವೀಪದ ಷಾತೊ ದೀಫ್ ಎಂಬ ಕೋಟೆಯಲ್ಲಿ ಡಾಂಟೆಸ್ ಹದಿನಾಲ್ಕು ವರ್ಷ ಕಳೆಯುತ್ತಾನೆ. (ಆ ಕೋಟೆ ಇಂದಿಗೂ ಇದೆ. ಎಂದೂ ಹುಟ್ಟದ ಈ ಮನುಷ್ಯನ ಕೋಣೆಯನ್ನು ಪ್ರವಾಸಿಗರಿಗೆ ಅಲ್ಲಿ ತೋರಿಸುತ್ತಾರೆ!) ಅಲ್ಲಿಯೇ ಸುರಂಗ ಕೊರೆಯುತ್ತ ದಾರಿತಪ್ಪಿ ಅವನ ಕೋಣೆಗೆ ಬಂದ ವೃದ್ಧ ಯಾಜಕ ಅಬ್ಬೆ ಫರಿಯ ಅವನಿಗೆ ಗುರುವಾಗುತ್ತಾನೆ. ಈ ಹೆಸರು ನಮಗೆ ತೀರ ಅಪರಿಚಿತವೇನಲ್ಲ. ನಿಜವಾದ ಅಬ್ಬೆ ಫರಿಯ, ಅಂದರೆ ಜುಜೆ ಕುಸ್ತೋದಿಯು ಫರಿಯ, ಗೋವೆಯ ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ರೋಮಿನಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನಲ್ಲಿ ಸಮ್ಮೋಹನ ವಿದ್ಯೆಯ ಬಗೆಗೆ ಉಪನ್ಯಾಸಗಳನ್ನು ನೀಡಿ, 1819ರಲ್ಲಿ ಅಲ್ಲಿಯೇ ತೀರಿಕೊಂಡ ಯಾಜಕ. ಪಣಜಿಗೆ ಹೋದವರು ಅವರ ಪ್ರತಿಮೆಯನ್ನು ನೋಡಿರಬಹುದು. ಡ್ಯೂಮಾ ಆ ಹೆಸರನ್ನು ಎತ್ತಿಕೊಂಡು ತನ್ನ ಯಾಜಕನನ್ನು ಇಟಲಿಯವನನ್ನಾಗಿ ಮಾಡಿದ. ಗೋವೆಯಿಂದ ವಲಸೆ ಬಂದ ಪೂರ್ವಜರನ್ನು ನೆನೆಯುವ ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಈ ಸಂಗತಿ ಸಂತೋಷ ತರಬಹುದು.

ಈ ಫರಿಯನೇ ನಮ್ಮ ಪ್ರಶ್ನೆಯ ಬೀಗದ ಕೈ. ಡಾಂಟೆಸನಿಗೆ ತನ್ನ ಮೇಲೆ ಸಂಚು ಮಾಡಿದವರಾರೆಂದು ಗೊತ್ತಿರಲಿಲ್ಲ. ವೃದ್ಧ ಯಾಜಕ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ತರ್ಕದಿಂದ ಅದನ್ನು ಬಿಡಿಸಿ ತೋರಿಸುತ್ತಾನೆ. ಮರುಕ್ಷಣವೇ ಹುಡುಗನ ಮುಖದಲ್ಲಾದ ಬದಲಾವಣೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ನಿನ್ನ ಹೃದಯದಲ್ಲಿ ಇರದಿದ್ದ ಸೇಡನ್ನು ನಾನೇ ಬಿತ್ತಿದೆನಲ್ಲ ಎಂದು ನೊಂದುಕೊಳ್ಳುತ್ತಾನೆ. ಸತ್ಯವನ್ನು ತಿಳಿಸಿದ್ದು ತಪ್ಪೇ? ಖಂಡಿತ ಅಲ್ಲ. ಆದರೆ ಸತ್ಯ ತಿಳಿದ ಗಳಿಗೆ ಎಷ್ಟು ಅಪಾಯದ ಗಳಿಗೆ ಎಂಬುದು ಆ ಗುರುವಿಗೆ ಗೊತ್ತಿತ್ತು. 2002ರ ಚಿತ್ರ ಈ ಭಾಗವನ್ನು ಚೆನ್ನಾಗಿಯೇ ನಿರ್ವಹಿಸಿದೆ. ರಿಚರ್ಡ್ ಹ್ಯಾರಿಸ್ ನಿರ್ವಹಿಸಿದ ಫರಿಯ ಸಾಯುವಾಗ ನಿಧಿಯನ್ನು ಒಳಿತಿಗಾಗಿ ಮಾತ್ರ ಬಳಸು, ಸೇಡು ದೇವರಿಗೆ ಸೇರಿದ್ದು ಎನ್ನುತ್ತಾನೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಶಿಷ್ಯ ಹೇಳಿದಾಗ, ಚಿಂತೆಯಿಲ್ಲ, ದೇವರಿಗೆ ನಿನ್ನಲ್ಲಿ ನಂಬಿಕೆಯಿದೆ ಎಂಬರ್ಥದ ಉತ್ತರ ಕೊಟ್ಟು ಕಣ್ಣು ಮುಚ್ಚುತ್ತಾನೆ. ಚಿತ್ರ ನೋಡಿದ ಬಹಳಷ್ಟು ಜನರ ನೆನಪಿನಲ್ಲಿ ಉಳಿಯುವ ಮಾತು ಇದೇ. ಡಾಂಟೆಸನ ಪಾತ್ರ ವಹಿಸಿದ ಜಿಮ್ ಕವೀಸಲ್ ಎರಡು ವರ್ಷಗಳ ಬಳಿಕ, 2004ರ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ ಚಿತ್ರದಲ್ಲಿ, ಶಿಲುಬೆಯ ಮೇಲಿನಿಂದ ತನ್ನ ವೈರಿಗಳಿಗಾಗಿ ಪ್ರಾರ್ಥಿಸಿದ ಪ್ರಭು ಯೇಸುವಿನ ಪಾತ್ರವನ್ನು ವಹಿಸಿದರು. ಎರಡೂ ಚಿತ್ರಗಳನ್ನು ನೋಡಿದ ನೀವು ಯಾವುದಕ್ಕೆ ಹೆಚ್ಚು ಸುಲಭವಾಗಿ ಚಪ್ಪಾಳೆ ತಟ್ಟಿದಿರಿ?

ಇನ್ನು ಬದಲಾವಣೆಗಳ ಮಾತು. ಕಾದಂಬರಿಯಲ್ಲಿ ಫರ್ನಾಂಡ್ ಮರ್ಸಿಡೀಸಳ ಬಂಧು, ಡಾಂಟೆಸನ ಪ್ರತಿಸ್ಪರ್ಧಿ. ಚಿತ್ರದಲ್ಲಿ ಅವನು ಡಾಂಟೆಸನ ಬಾಲ್ಯದ ಗೆಳೆಯ, ಸಿರಿವಂತರ ಮಗ. ಓದುಗರು ಇದನ್ನು ಒಪ್ಪದಿದ್ದರೂ ನನಗೆ ಈ ಬದಲಾವಣೆ ಹಿಡಿಸಿತು. ಹುಟ್ಟುಹಬ್ಬಕ್ಕೆ ತನಗೆ ಕುದುರೆಮರಿ ಸಿಕ್ಕಾಗ, ಬಡ ಗೆಳೆಯನಿಗೆ ಸಿಕ್ಕಿದ್ದು ಬರಿಯ ಸೀಟಿ. ಆದರೂ ಸೀಟಿ ಸಿಕ್ಕವನೇ ಹೆಚ್ಚು ಸಂತೋಷದಲ್ಲಿದ್ದ ಎಂಬುದನ್ನು ಫರ್ನಾಂಡ್ ದೊಡ್ಡವನಾದರೂ ಮರೆತಿಲ್ಲ. ಹೊಟ್ಟೆಕಿಚ್ಚು ಇಲ್ಲದವನಿಗೆ ಮಾತ್ರ ಹುಟ್ಟುವುದಲ್ಲ, ಇದ್ದವನಿಗೂ ಹುಟ್ಟುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು.

ಮರ್ಸಿಡೀಸಳನ್ನು ಮರಳಿಸಿದ ಮುಕ್ತಾಯದ ವಿಷಯದಲ್ಲಿ ಸಿಟ್ಟಾಗುವವರು ಒಂದನ್ನು ನೆನಪಿಡಬೇಕು. ಇದು 2002ರ ಆವಿಷ್ಕಾರವಲ್ಲ. 1934ರ ಹಾಲಿವುಡ್ ಚಿತ್ರದಲ್ಲಿಯೂ 1998ರ ಫ್ರೆಂಚ್ ಟಿ.ವಿ. ಧಾರಾವಾಹಿಯಲ್ಲಿಯೂ ಡಾಂಟೆಸ್ ಕೊನೆಗೆ ಅವಳನ್ನೇ ಸೇರುತ್ತಾನೆ. ಕಾದಂಬರಿಯಲ್ಲಿ ಮಾತ್ರ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಕಳೆದ ಇಪ್ಪತ್ತಮೂರು ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಪ್ರೇಕ್ಷಕರಾದ ನಮಗೆ ಅದು ಸಹಿಸದು, ಚಿತ್ರ ಮಾಡುವವರಿಗೆ ಇದು ಗೊತ್ತು. ಇದರಲ್ಲಿ ದೊಡ್ಡ ಪಾಪವೇನೂ ಇಲ್ಲ. ಒಡೆದದ್ದು ಮತ್ತೆ ಕೂಡಬೇಕೆಂಬ ಹಂಬಲ ಒಳ್ಳೆಯ ಹಂಬಲವೇ.

ಆದರೆ ಕೊನೆಯ ಕತ್ತಿಕಾಳಗ? ಹಾಳುಬಿದ್ದ ಮನೆಯಲ್ಲಿ, ಹೊಲದಲ್ಲಿ ಎಡ್ಮಂಡ್ ಮತ್ತು ಫರ್ನಾಂಡ್ ಹೋರಾಡಿ, ಫರ್ನಾಂಡ್ ನಾಯಕನ ಕತ್ತಿಗೆ ಬಲಿಯಾಗುವ ಆ ದೃಶ್ಯವನ್ನು ಮೆಚ್ಚದ ಪ್ರೇಕ್ಷಕ ವಿರಳ. ಕಾದಂಬರಿಯಲ್ಲಿ ಅವರಿಬ್ಬರ ನಡುವೆ ಕತ್ತಿಕಾಳಗವೇ ಇಲ್ಲವೆಂದರೆ ನಿಮಗೆ ಅಚ್ಚರಿಯಾದೀತು. ಅಲ್ಲಿ ಫರ್ನಾಂಡನ ಪತನವಾಗುವುದು ಶ್ರೀಮಂತರ ಶಾಸನಸಭೆಯ ವಿಚಾರಣೆಯಲ್ಲಿ. ಯಾನೀನದ ಅಲಿ ಪಾಷನ ಸೇವೆಯಲ್ಲಿದ್ದಾಗ ಅವನು ಒಡೆಯನನ್ನೇ ಶತ್ರುಗಳಿಗೆ ಒಪ್ಪಿಸಿ, ಪಾಷನ ಹೆಂಡತಿ ಮತ್ತು ಮಗಳನ್ನು ಗುಲಾಮರಾಗಿ ಮಾರಿದ್ದ. ಆ ಮಗಳು, ಹೈಡೀ, ಸಭೆಯ ನಡುವೆ ನಿಂತು ಸಾಕ್ಷ್ಯ ನುಡಿಯುತ್ತಾಳೆ. ಆಮೇಲೆ ಕೌಂಟನ ಮನೆಗೆ ನುಗ್ಗಿ ಯುದ್ಧಕ್ಕೆ ಕರೆದ ಫರ್ನಾಂಡನ ಮುಂದೆ ಕೌಂಟ್ ಹಳೆಯ ನಾವಿಕನ ಉಡುಪಿನಲ್ಲಿ ಬಂದು ನಿಲ್ಲುತ್ತಾನೆ. ಅಷ್ಟೇ. ಆ ಮುಖ ಗುರುತಾದೊಡನೆ ಫರ್ನಾಂಡ್ ಓಡಿಹೋಗುತ್ತಾನೆ, ಮನೆ ಸೇರಿದಾಗ ಹೆಂಡತಿಯೂ ಮಗನೂ ಅವನ ಸಂಪತ್ತನ್ನು ತೊರೆದು ಹೊರಡುತ್ತಿರುತ್ತಾರೆ, ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುತ್ತಾನೆ.

2002ರ ಚಿತ್ರದಲ್ಲಿ ಹೈಡೀ ಎಂಬ ಪಾತ್ರವೇ ಇಲ್ಲ. ಓದುಗರು ಇದಕ್ಕಾಗಿ ದೂರುವುದು ಕಾದಂಬರಿಯ ಕೊನೆಗೆ ಕೌಂಟನ ಪ್ರೀತಿಯನ್ನು ಪಡೆಯುವವಳು ಅವಳು ಎಂಬ ಕಾರಣಕ್ಕೆ. ನಿಜವಾದ ನಷ್ಟ ಬೇರೆಯದು. ಅವಳೊಡನೆ ಆ ಸಾಕ್ಷ್ಯದ ದೃಶ್ಯವೂ ಹೋಯಿತು. ಅನ್ಯಾಯಕ್ಕೊಳಗಾದ ಹೆಣ್ಣುಮಗಳೊಬ್ಬಳು ಹತ್ತು ಜನರೆದುರು ನಿಂತು, ನನಗೆ ಹೀಗಾಯಿತು ಎಂದು ಹೆಸರು ಹಿಡಿದು ಹೇಳುವುದು ನ್ಯಾಯದ ಮಾರ್ಗ. ಆ ಜಾಗದಲ್ಲಿ ಚಿತ್ರ ಕತ್ತಿಯನ್ನು ಇಟ್ಟಿತು, ನಾವು ಯಾರೂ ಆಕ್ಷೇಪಿಸಲಿಲ್ಲ. ಕ್ಷಮಿಸಬೇಕು ಎಂದ ಮಾತ್ರಕ್ಕೆ ಸುಮ್ಮನಿರಬೇಕು ಎಂದರ್ಥವಲ್ಲ, ಇದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹೆಂಡತಿಯನ್ನು ಹೊಡೆಯುವ ಗಂಡನ ವಿಷಯದಲ್ಲಿ, ತಂಗಿಯ ಪಾಲನ್ನು ನುಂಗಿದ ಅಣ್ಣನ ವಿಷಯದಲ್ಲಿ ‘ಹೋಗಲಿ ಬಿಡಿ, ಕ್ರೈಸ್ತರಲ್ಲವೇ ನಾವು’ ಎಂದು ನೊಂದವರ ಬಾಯಿ ಮುಚ್ಚಿಸುವವರು ನಮ್ಮ ನಡುವೆ ಕಡಿಮೆಯಿಲ್ಲ. ಕಾಡರೂಸನ ಮೌನಕ್ಕೂ ಇಂತಹ ಉಪದೇಶಕ್ಕೂ ಹೆಚ್ಚು ದೂರವಿಲ್ಲ. ಸತ್ಯ ಹೊರಬರಲಿ ಎಂದು ದೂರು ಕೊಡುವುದು, ಸಾಕ್ಷಿ ಹೇಳುವುದು, ಪಾಲು ಕೇಳುವುದು ಸೇಡಲ್ಲ. ಹಾಗಾದರೆ ಸೇಡು ಎಲ್ಲಿಂದ ಶುರುವಾಗುತ್ತದೆ?

ಇಲ್ಲಿಗೆ, ಎರಡೂ ಬಣದವರು ಗಮನಿಸದ ಸಂಗತಿಗೆ ಬಂದೆವು. ಕಾದಂಬರಿಯಲ್ಲಿ ವಿಲ್‌ಫೋರನಿಗೆ ಎರಡನೆಯ ಹೆಂಡತಿ ಎಲೋಯಿಸ್, ಅವಳಿಗೆ ಎಡ್ವರ್ಡ್ ಎಂಬ ಒಬ್ಬನೇ ಮಗ. ಮೊದಲ ಹೆಂಡತಿಯ ಮಗಳು ವ್ಯಾಲೆಂಟೈನಳಿಗೆ ಸೇರಬೇಕಾದ ಆಸ್ತಿ ತನ್ನ ಮಗನಿಗೆ ಸಿಗಲಿ ಎಂಬ ದುರಾಸೆ ಎಲೋಯಿಸಳದು. ಇದನ್ನು ಚೆನ್ನಾಗಿ ಬಲ್ಲ ಕೌಂಟ್ ಅವಳೊಡನೆ ವಿಷಗಳ ವಿಚಾರವಾಗಿ ವಿದ್ವತ್ತಿನ ಸಂಭಾಷಣೆ ನಡೆಸುತ್ತಾನೆ, ತನ್ನಲ್ಲಿರುವ ಕಷಾಯವೊಂದನ್ನು ಕಳುಹಿಸುತ್ತಾನೆ. ವಿಷವನ್ನು ಅವನು ಯಾರಿಗೂ ಉಣಿಸಲಿಲ್ಲ. ಉರಿಯುವ ಮನೆಗೆ ಎಣ್ಣೆಯ ಡಬ್ಬಿ ತಲಪಿಸಿ ದೂರ ನಿಂತು ನೋಡಿದ, ಅಷ್ಟೇ. ಆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಅವರಲ್ಲಿ ಬರುವ ಒಬ್ಬ ಹಳೆಯ ಸೇವಕ ಡಾಂಟೆಸನಿಗೆ ಏನನ್ನೂ ಮಾಡಿದವನಲ್ಲ. ಕೊನೆಗೆ ಸಿಕ್ಕಿಬಿದ್ದ ಎಲೋಯಿಸ್ ತಾನು ಸಾಯುವಾಗ ಮಗುವನ್ನೂ ಕರೆದೊಯ್ಯುತ್ತಾಳೆ.

ಎಡ್ವರ್ಡ್ ಮುದ್ದಾದ ಮಗುವೇನಲ್ಲ. ಮುದ್ದು ಹೆಚ್ಚಾಗಿ ಕೆಟ್ಟ, ಹಠಮಾರಿ ಹುಡುಗ. ಓದುವಾಗ ಅವನ ಬಗೆಗೆ ಯಾರಿಗೂ ಪ್ರೀತಿ ಹುಟ್ಟದಂತೆಯೇ ಡ್ಯೂಮಾ ಅವನನ್ನು ಚಿತ್ರಿಸಿದ್ದಾನೆ. ಹಾಗಿದ್ದೂ ಆ ಸಾವು ಇಡೀ ಕಥೆಯನ್ನು ತಿರುಗಿಸುತ್ತದೆ. ನಾನೇ ಎಡ್ಮಂಡ್ ಡಾಂಟೆಸ್ ಎಂದು ತಿಳಿಸಿ ಗೆಲುವನ್ನು ಪೂರ್ತಿಗೊಳಿಸಲು ಕೌಂಟ್ ಬಂದಿದ್ದಾನೆ. ವಿಲ್‌ಫೋರ್ ಅವನ ಕೈಹಿಡಿದು ಎಳೆದೊಯ್ದು ಹೆಂಡತಿಯ ಮತ್ತು ಮಗನ ಶವಗಳನ್ನು ತೋರಿಸಿ, ನಿನ್ನ ಸೇಡು ತೀರಿತೇ ಎಂದು ಕೇಳುತ್ತಾನೆ. ಕೌಂಟನ ಮುಖ ಬಿಳಿಚುತ್ತದೆ. ಮಗುವನ್ನೆತ್ತಿಕೊಂಡು ಪಕ್ಕದ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು, ತನ್ನ ಔಷಧದಿಂದ ಅದನ್ನು ಬದುಕಿಸಲು ಕಾಲು ಗಂಟೆ ಹೆಣಗುತ್ತಾನೆ. ಅಲ್ಲಿಯವರೆಗೆ ತಾನು ದೈವ ಪರಾಮರಿಕೆಯ ಕೈಯಾಳು, ತನ್ನ ಮೂಲಕ ದೇವರೇ ದಂಡಿಸುತ್ತಿದ್ದಾನೆ ಎಂದು ನಂಬಿದ್ದವನು ಅಂದು ಆ ಮಾತನ್ನು ಇನ್ನು ಹೇಳಲಾರೆನೆಂದು ಅರಿಯುತ್ತಾನೆ.

2002ರ ಚಿತ್ರದಲ್ಲಿ ಈ ಮಗುವಿಲ್ಲ. ವಿಲ್‌ಫೋರನು ಜಾಣತನದಿಂದ ಬಲೆಗೆ ಬೀಳುತ್ತಾನೆ, ಡಾಂಗ್ಲಾರ್ ಪೊಲೀಸರ ಕೈಗೆ ಸಿಗುತ್ತಾನೆ, ಫರ್ನಾಂಡ್ ಕತ್ತಿಗೆ ಬಲಿಯಾಗುತ್ತಾನೆ. ಯಾವ ನಿರಪರಾಧಿಗೂ ಏನೂ ಆಗುವುದಿಲ್ಲ. ಫರ್ನಾಂಡನ ಮಗನೆಂದು ಬೆಳೆದ ಆಲ್ಬರ್ಟ್ ಅವನ ಮಗನೇ ಅಲ್ಲ, ಎಡ್ಮಂಡನ ಸ್ವಂತ ಮಗ ಎಂದು ತೋರಿಸಿದ್ದರಿಂದ ವೈರಿಯ ಮಗನ ನೋವಿನ ಪ್ರಶ್ನೆಯೂ ಅಲ್ಲಿಯೇ ಕರಗಿಹೋಗುತ್ತದೆ. ಕೊನೆಯ ದೃಶ್ಯದಲ್ಲಿ ಎಡ್ಮಂಡ್ ಷಾತೊ ದೀಫಿಗೆ ಮರಳಿ, ಸೇಡಿಗೆ ಬಳಸಿದ್ದನ್ನು ಇನ್ನು ಒಳಿತಿಗೆ ಬಳಸುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಎಂತಹ ಅನುಕೂಲಕರವಾದ ಮನಃಪರಿವರ್ತನೆ! ಸೇಡು ಸಂಪೂರ್ಣವಾಗಿ ತೀರಿದ ಮೇಲೆ ಬಂದದ್ದು, ಒಂದು ಕಾಸಿನ ಬೆಲೆಯನ್ನೂ ಕೇಳದೆ ಬಂದದ್ದು. 2024ರ ಫ್ರೆಂಚ್ ಚಿತ್ರ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅದರಲ್ಲಿಯೂ ಎಡ್ವರ್ಡ್ ಇಲ್ಲವಾದರೂ, ಸೇಡಿಗಾಗಿ ಕೌಂಟ್ ಸಾಕಿ ಬೆಳೆಸಿದ ತರುಣನೊಬ್ಬ ಆ ಸೇಡಿನಲ್ಲಿಯೇ ಪ್ರಾಣ ಕಳೆದುಕೊಳ್ಳುತ್ತಾನೆ. ಪ್ಯಾರಿಸ್ಸಿನ ಪ್ರೇಕ್ಷಕರು ಅದನ್ನು ಸಹಿಸಿಕೊಂಡರಷ್ಟೇ ಅಲ್ಲ, ಲಕ್ಷಗಟ್ಟಲೆ ಬಂದು ನೋಡಿದರು. ನೋವಿನ ಬೆಲೆಯನ್ನು ತೋರಿಸಿದರೆ ಜನ ಬರುವುದಿಲ್ಲ ಎಂಬುದು ನಿಜವಲ್ಲ ಎಂದಾಯಿತು.

ಸೇಡು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದೆವಷ್ಟೆ. ತಪ್ಪು ಮಾಡಿದವನನ್ನು ದಾಟಿ ಅವನ ಹೆಂಡತಿಮಕ್ಕಳ ನೋವು ನಮಗೆ ಸಮ್ಮತವಾದಾಗ, ಅಥವಾ ನಮ್ಮ ಕಣ್ಣಿಗೆ ಬೀಳದೆ ಹೋದಾಗ ಅದು ಶುರುವಾಗಿರುತ್ತದೆ. ಈ ದಾಟುವಿಕೆಗೆ ಧರ್ಮಗ್ರಂಥದ ಆಧಾರವನ್ನೂ ಹುಡುಕಿಕೊಳ್ಳುತ್ತೇವೆ ಎಂಬುದನ್ನು ಡ್ಯೂಮಾ ಬಲ್ಲವನಾಗಿದ್ದ. ಆಲ್ಬರ್ಟನು ಕೌಂಟನನ್ನು ದ್ವಂದ್ವಯುದ್ಧಕ್ಕೆ ಕರೆದ ರಾತ್ರಿ ಮರ್ಸಿಡೀಸ್ ಬಂದು, ಎಡ್ಮಂಡ್ ಎಂದು ಹೆಸರು ಹಿಡಿದು ಕರೆದು, ಮಗನ ಪ್ರಾಣಭಿಕ್ಷೆ ಬೇಡುತ್ತಾಳೆ. ಆಗ ಕೌಂಟ್ ತಂದೆಗಳ ಪಾಪ ಮೂರು ನಾಲ್ಕು ತಲೆಮಾರುಗಳವರೆಗೆ ಮಕ್ಕಳನ್ನು ಹಿಂಬಾಲಿಸುವುದೆಂಬ ವಿಮೋಚನಾಕಾಂಡದ ಮಾತನ್ನು ಎತ್ತಿ, ದೇವರಿಗಿಂತ ನಾನೇಕೆ ಹೆಚ್ಚು ಒಳ್ಳೆಯವನಾಗಬೇಕು ಎಂದು ಕೇಳುತ್ತಾನೆ. ಅದೇ ವಾಕ್ಯ ಮುಂದುವರಿದು ಸಾವಿರ ತಲೆಮಾರುಗಳ ಕರುಣೆಯ ಬಗೆಗೆ ಹೇಳುವುದನ್ನು ಅವನು ಬಿಟ್ಟುಬಿಡುತ್ತಾನೆ. ಪ್ರವಾದಿ ಯೆಜೆಕಿಯೇಲನು ತನ್ನ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ, ತಂದೆಯ ಪಾಪವನ್ನು ಮಗನು ಹೊರುವುದಿಲ್ಲವೆಂದು ಸ್ಪಷ್ಟಪಡಿಸಿರುವುದೂ ಅವನಿಗೆ ನೆನಪಾಗುವುದಿಲ್ಲ. ಸೇಡಿನ ಮನಸ್ಸು ಬೈಬಲನ್ನು ಓದುವುದಿಲ್ಲವೆಂದಲ್ಲ, ಅರ್ಧಕ್ಕೆ ನಿಲ್ಲಿಸುತ್ತದೆ. ಎರಡು ತಲೆಮಾರುಗಳಿಂದ ಮಾತು ಬಿಟ್ಟಿರುವ ಮನೆಗಳು ನಿಮ್ಮ ಧರ್ಮಕೇಂದ್ರದಲ್ಲಿಯೂ ಇರಬಹುದು. ಬಲಿಪೂಜೆಗೆ ಒಂದೇ ಬೆಂಚಿನಲ್ಲಿ ಕುಳಿತರೂ ಒಬ್ಬರ ಮಗುವಿನ ಮುಖವನ್ನು ಇನ್ನೊಬ್ಬರು ನೋಡದಿರುವ ಆ ಮನೆಗಳ ಮಕ್ಕಳಿಗೆ ಜಗಳ ಯಾತಕ್ಕೆಂಬುದೇ ಗೊತ್ತಿರುವುದಿಲ್ಲ.

ಹಾಗಾದರೆ ಈ ಬಗೆಯ ಚಿತ್ರಗಳನ್ನು ನೋಡಿ ಆನಂದಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸೇಡಿನ ಬಯಕೆ ಮನುಷ್ಯನಲ್ಲಿ ಇಲ್ಲವೆಂದು ನಟಿಸುವುದರಿಂದ ಯಾರೂ ಒಳ್ಳೆಯವರಾಗುವುದಿಲ್ಲ. ಪವಿತ್ರ ಬೈಬಲ್ ಹಾಗೆ ನಟಿಸಿಲ್ಲ. ಕೀರ್ತನೆಗಳಲ್ಲಿ ಶತ್ರುವನ್ನು ಶಪಿಸುವ ಭಯಂಕರ ಕೀರ್ತನೆಗಳಿವೆ. ಅವುಗಳಲ್ಲಿ 137ನೆಯದು ವೈರಿಯ ಎಳೆಯ ಮಕ್ಕಳನ್ನೇ ಗುರಿಯಾಗಿಸಿ ಮುಗಿಯುತ್ತದೆ. ಕಥೋಲಿಕ ಧರ್ಮಸಭೆ ತನ್ನ ದೈನಂದಿನ ಪ್ರಾರ್ಥನಾವಿಧಿಯನ್ನು ಪರಿಷ್ಕರಿಸಿದಾಗ ಆ ಸಾಲುಗಳನ್ನೂ 58, 83, 109ನೆಯ ಕೀರ್ತನೆಗಳನ್ನೂ ಕೈಬಿಟ್ಟಿತು, ಆದರೆ ಬೈಬಲಿನಿಂದ ಅಳಿಸಲಿಲ್ಲ. ನೊಂದವನು ತನ್ನ ಉರಿಯನ್ನು ದೇವರ ಮುಂದೆ ಸುರಿಯಬಹುದು. ಸಂತ ಪೌಲನು ರೋಮನರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಸೇಡನ್ನು ದೇವರಿಗೆ ಬಿಟ್ಟುಕೊಡಿ ಎನ್ನುವಾಗ ನೋವನ್ನು ಮರೆತುಬಿಡಿ ಎಂದು ಹೇಳಲಿಲ್ಲ, ಅದು ಯಾರ ಕೈಯಲ್ಲಿರಬೇಕು ಎಂಬುದನ್ನು ಹೇಳಿದ. ಮನುಷ್ಯನ ಕೈಗೆ ಬಂದಾಗ ಅದು ಯಾರ ಮನೆಯಲ್ಲಿ ನಿಲ್ಲುತ್ತದೆಂದು ಮನುಷ್ಯನಿಗೆ ತಿಳಿಯದು. ಹದಿನಾಲ್ಕು ವರ್ಷ ಕಾದು, ಹಣ, ಬುದ್ಧಿ, ತಾಳ್ಮೆ ಎಲ್ಲವನ್ನೂ ಪಡೆದು, ಅಂಗುಲ ಅಂಗುಲ ಲೆಕ್ಕಹಾಕಿದ ಮಾಂಟೆ ಕ್ರಿಸ್ಟೊಗೇ ಅದು ತಿಳಿಯಲಿಲ್ಲ.

ಮರ್ಸಿಡೀಸಳ ಆ ರಾತ್ರಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಕೌಂಟ್ ಕೊನೆಗೆ ಅವಳ ಮಗನ ಪ್ರಾಣವನ್ನು ಬಿಟ್ಟುಕೊಡುತ್ತಾನೆ, ಅಂದರೆ ಮರುದಿನ ತಾನೇ ಸಾಯಲು ಸಿದ್ಧನಾಗುತ್ತಾನೆ. ಮರ್ಸಿಡೀಸ್ ಮನೆಗೆ ಹೋಗಿ ಮಗನಿಗೆ ತಂದೆಯ ದ್ರೋಹವನ್ನು ಮುಚ್ಚಿಡದೆ ತಿಳಿಸುತ್ತಾಳೆ. ಬೆಳಗಾದಾಗ ಆಲ್ಬರ್ಟ್ ಸಾಕ್ಷಿಗಳೆಲ್ಲರ ಎದುರಿಗೆ ಕೌಂಟನ ಕ್ಷಮೆ ಕೇಳುತ್ತಾನೆ. ದ್ವಂದ್ವಯುದ್ಧಕ್ಕೆಂದು ಬಂದವನು ಹೋರಾಡದೆ ಹಿಂದಿರುಗಿದರೆ ಅಂದಿನ ಪ್ಯಾರಿಸ್ಸಿನಲ್ಲಿ ಹೇಡಿಯೆಂಬ ಹೆಸರು ಖಚಿತ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಧೀರ ಕೃತ್ಯ ಇದೇ, ಮತ್ತು ಇದನ್ನು ಮಾಡಿದವನು ನಾಯಕನಲ್ಲ, ವೈರಿಯ ಮಗ.

ಡ್ಯೂಮಾ ಕೂಡ ಕೊನೆಯವರೆಗೆ ಕಟುವಾಗಿ ಉಳಿಯಲಿಲ್ಲ. ಮಗುವಿನ ಸಾವಿನ ಬಳಿಕ ಸಂಶಯಕ್ಕೆ ಸಿಲುಕಿದ ಕೌಂಟನನ್ನು ಅವನು ಮತ್ತೆ ಷಾತೊ ದೀಫಿಗೆ ಕಳುಹಿಸಿ, ಫರಿಯನ ಹಸ್ತಪ್ರತಿಯನ್ನು ಅವನ ಕೈಗಿತ್ತು, ಸ್ವಲ್ಪ ಬೇಗನೆಯೇ ಸಮಾಧಾನಪಡಿಸುತ್ತಾನೆ. ಧಾರಾವಾಹಿಯ ಓದುಗರನ್ನು ಅವನೂ ಸಂತೈಸಬೇಕಾಗಿತ್ತೇನೋ. ಆದರೂ ಮಗುವಿನ ಶವವನ್ನು ತಾಯಿಯ ಮಗ್ಗುಲಲ್ಲಿ ಮಲಗಿಸಿ ಹೊರಟ ಕೌಂಟ್, ಉಳಿದ ಒಬ್ಬನನ್ನಾದರೂ ಉಳಿಸೋಣ ಎಂದುಕೊಳ್ಳುತ್ತಾನೆ. ಆ ಒಬ್ಬನು ಡಾಂಗ್ಲಾರ್, ಮೊದಲ ಪತ್ರವನ್ನು ಬರೆದವನು. ರೋಮಿನ ಬಳಿ ದರೋಡೆಕೋರರ ಸೆರೆಯಲ್ಲಿ ಹಸಿವಿನಿಂದ ನರಳುತ್ತ, ಒಂದು ಕೋಳಿಗೆ ಲಕ್ಷ ಫ್ರಾಂಕ್ ತೆರುತ್ತ, ಕದ್ದ ಲಕ್ಷಾಂತರ ಹಣವನ್ನು ಊಟಕ್ಕಾಗಿಯೇ ಕಳೆದುಕೊಂಡಿದ್ದಾನೆ. ಪಶ್ಚಾತ್ತಾಪಪಡುತ್ತೀಯಾ ಎಂದು ಕೇಳಿದ ಕೌಂಟ್ ತನ್ನ ಗುರುತು ಹೇಳಿ, ನನಗೂ ಕ್ಷಮೆ ಬೇಕಾಗಿದೆ, ಆದುದರಿಂದ ನಿನ್ನನ್ನು ಕ್ಷಮಿಸಿದ್ದೇನೆ ಎನ್ನುತ್ತಾನೆ, ಉಳಿದ ಐವತ್ತು ಸಾವಿರ ಫ್ರಾಂಕನ್ನು ಅವನಿಗೇ ಬಿಟ್ಟು, ಊಟ ಹಾಕಿಸಿ ಕಳುಹಿಸುತ್ತಾನೆ. ಮರುದಿನ ಬೆಳಕು ಹರಿದಾಗ ಡಾಂಗ್ಲಾರ್ ಬಾಯಾರಿ ಹಳ್ಳವೊಂದಕ್ಕೆ ಬಾಗಿದ. ನೀರಿನಲ್ಲಿ ಕಂಡ ಅವನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.